ಮುಖ ಮಾರಿದ ಕರ್ನಲ್ ಮತ್ತು ಮಧುಗಿರಿಯ ಒಂದು ಟೀ ಅಂಗಡಿ

ಕಳೆದ ತಿಂಗಳು ಮಧುಗಿರಿಗೆ ಹೋಗಿದ್ದಾಗ ನನ್ನ ಚಿಕ್ಕಪ್ಪನ ಮಗ ಒಂದು ಹಾಳೆ ತಂದು ಮುಂದಿಟ್ಟ. ರಾತ್ರಿ ಹತ್ತೂವರೆ, ಆಗಷ್ಟೇ ಅಂಗಡಿ ಮುಚ್ಚಿ ಬಂದಿದ್ದ. ಮೂರು ವರ್ಷದ ಹಿಂದೆ ಅವನು ಹೊರರಾಜ್ಯದ ಒಂದು ಟೀ-ತಿಂಡಿ ಬ್ರ್ಯಾಂಡಿನ ಫ್ರಾಂಚೈಸಿ ತಗೊಂಡಿದ್ದ. ಈಗ ಅವಧಿ ಮುಗಿಯುತ್ತಿದೆ, ನವೀಕರಣ ಆಗಬೇಕು. ಅದಕ್ಕೆ ಕಂಪನಿ ಕಳಿಸಿದ ಹಾಳೆ ಅದು. ಒಂದೇ ಪುಟ, ಇಂಗ್ಲಿಷಿನಲ್ಲಿ. ಇವತ್ತಿನವರೆಗೆ ಕಂಪನಿಯ ಮೇಲೆ ನನಗಿರುವ, ಗೊತ್ತಿರುವ ಮತ್ತು ಗೊತ್ತಿಲ್ಲದ ಎಲ್ಲ ಹಕ್ಕು-ತಕರಾರುಗಳನ್ನು ಬಿಟ್ಟುಕೊಟ್ಟಿದ್ದೇನೆ, ಮುಂದೆ ಯಾವ ಕೋರ್ಟಿಗೂ ಹೋಗುವುದಿಲ್ಲ ಎಂಬುದು ಅದರ ಸಾರಾಂಶ. ಸಹಿ ಹಾಕಿದರೆ ನವೀಕರಣ. ಇಲ್ಲದಿದ್ದರೆ ಬೋರ್ಡು ಇಳಿಸು, ಮೇಲಾಗಿ ಒಂದು ವರ್ಷ ಟೀ ಅಂಗಡಿಯನ್ನೇ ಇಡಬೇಡ.

ಅವನಿಗೆ ತಕರಾರು ಇಲ್ಲದೇ ಇಲ್ಲ. ಅವನ ಅಂಗಡಿಯ ಹತ್ತಿರದಲ್ಲಿ ಇನ್ನೊಂದು ಶಾಖೆ ಕೊಡುವುದಿಲ್ಲ ಎಂದಿದ್ದ ಕಂಪನಿ, ಎರಡನೇ ವರ್ಷವೇ ಬಸ್ ಸ್ಟ್ಯಾಂಡ್ ಕಡೆ ಇನ್ನೊಬ್ಬನಿಗೆ ಕೊಟ್ಟಿತು. ಟೀ ಪುಡಿ, ಮಸಾಲೆ, ಕಪ್ಪು ಎಲ್ಲವನ್ನೂ ಅವರಿಂದಲೇ, ಅವರು ಹೇಳಿದ ರೇಟಿಗೇ ತಗೋಬೇಕು. ಅವನ ಲೆಕ್ಕದಲ್ಲಿ ನಷ್ಟ ನಾಲ್ಕು ಲಕ್ಷ. ಆ ನಾಲ್ಕು ಲಕ್ಷವನ್ನು ಈ ಒಂದು ಹಾಳೆ ಅಳಿಸಿಬಿಡುತ್ತದೆ.

ಇಲ್ಲಿ ನನ್ನದೂ ಒಂದು ತಪ್ಪಿದೆ, ಮೊದಲೇ ಹೇಳಿಬಿಡ್ತೀನಿ. ಮೂರು ವರ್ಷದ ಹಿಂದೆ ಮೂಲ ಒಪ್ಪಂದವನ್ನು ಅವನು ನನಗೇ ಕಳಿಸಿದ್ದ. ಇಂಜಿನಿಯರಿಂಗ್ ಓದಿದ್ದಾನೆ, ಬೆಂಗಳೂರಲ್ಲಿದ್ದಾನೆ, ಪತ್ರಕರ್ತ ಬೇರೆ, ಇವನಿಗೆ ಅರ್ಥವಾಗುತ್ತೆ ಅಂತ. ನಲವತ್ತಾರು ಪುಟದಲ್ಲಿ ನಾನು ನೋಡಿದ್ದು ಲಾಭದ ಎಕ್ಸೆಲ್ ಶೀಟು ಮತ್ತು ಮೊದಲ ಐದಾರು ಪುಟ. ಪರವಾಗಿಲ್ಲ, ಹಾಕು ಸಹಿ ಅಂದಿದ್ದೆ. ಕೆಲಸಕ್ಕೆ ಸೇರುವಾಗ ಐಟಿ ಕಂಪನಿಯ ಬಾಂಡಿಗೂ ನಾನು ಹಾಗೇ ಸಹಿ ಹಾಕಿದವನು. ನಮ್ಮ ತಲೆಮಾರು ಟರ್ಮ್ಸ್ ಅಂಡ್ ಕಂಡೀಷನ್ಸ್ ಅಂದರೆ ಕೆಳಗೆ ಸ್ಕ್ರೋಲ್ ಮಾಡಿ ಟಿಕ್ ಒತ್ತುವುದು ಎಂದೇ ಕಲಿತಿದೆ.

ಆ ರಾತ್ರಿ ಹಾಳೆ ಓದುತ್ತಾ ಕೂತಾಗ ನನಗೆ ನೆನಪಾದವನು ಕೆಎಫ್‌ಸಿ ಡಬ್ಬದ ಮೇಲಿನ ಮುದುಕ. ಬಿಳಿ ಸೂಟು, ಕಪ್ಪು ಟೈ, ಮೇಕೆ ಗಡ್ಡ. ಹಾರ್ಲಂಡ್ ಸ್ಯಾಂಡರ್ಸ್. ಅವನ ಕಥೆ ವಾಟ್ಸಾಪಿನಲ್ಲಿ ಎಲ್ಲರಿಗೂ ಬಂದಿರುತ್ತೆ: ಅರವತ್ತೈದನೇ ವಯಸ್ಸಿನಲ್ಲಿ ಸೋತು, ಸಾವಿರದೊಂಬತ್ತು ಸಲ ತಿರಸ್ಕಾರಗೊಂಡು, ಕೊನೆಗೆ ಗೆದ್ದವನು. ಆ ಸಾವಿರದೊಂಬತ್ತರ ಲೆಕ್ಕ ಯಾರು ಇಟ್ಟರೋ. ಆ ಫಾರ್ವರ್ಡಿನಲ್ಲಿ ಬಾರದ ಭಾಗವೊಂದಿದೆ. ಅದು ಅವನ ಸಹಿಗಳ ಮತ್ತು ದಾವೆಗಳ ಕಥೆ. ಫ್ರಾಂಚೈಸಿ ತಗೊಳ್ಳುವ ಹುಡುಗರು ಓದಬೇಕಾದ್ದು ಅದನ್ನೇ.

ಸ್ಯಾಂಡರ್ಸ್ ಹುಟ್ಟಿದ್ದು 1890ರ ಸೆಪ್ಟೆಂಬರ್ 9ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ಹೆನ್ರಿವಿಲ್ ಎಂಬ ಊರಿನ ಹತ್ತಿರ. ಐದು ವರ್ಷದವನಿದ್ದಾಗ ಅಪ್ಪ ತೀರಿಕೊಂಡ. ಅವ್ವ ಡಬ್ಬಿ ತುಂಬುವ ಕಾರ್ಖಾನೆಗೆ ಕೂಲಿಗೆ ಹೋದಳು. ತಮ್ಮ-ತಂಗಿಗೆ ಅಡುಗೆ ಮಾಡಿ ಹಾಕುವ ಕೆಲಸ ಇವನ ಪಾಲಿಗೆ ಬಂತು. ನಮ್ಮ ಪಾವಗಡ, ಕೊರಟಗೆರೆಯ ಹಳ್ಳಿಗಳಲ್ಲಿ ಅವ್ವ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದರೆ ಮನೆಯಲ್ಲಿ ಮುದ್ದೆ ತಿರುವುವ ಹಿರೇಮಗುವನ್ನು ನೋಡಿದವರಿಗೆ ಇದೇನೂ ಹೊಸದಲ್ಲ. ಏಳನೇ ತರಗತಿಯ ಹೊತ್ತಿಗೆ ಶಾಲೆ ಬಿಟ್ಟ. ವಯಸ್ಸು ಸುಳ್ಳು ಹೇಳಿ ಸೇನೆಗೆ ಸೇರಿ ಕ್ಯೂಬಾಕ್ಕೆ ಹೋದ. ವಾಪಸ್ ಬಂದು ರೈಲ್ವೆಯಲ್ಲಿ ಎಂಜಿನ್ನಿಗೆ ಕಲ್ಲಿದ್ದಲು ಸುರಿಯುವ ಕೆಲಸ ಹಿಡಿದ.

ಮುಂದಿನದು ಹೆಚ್ಚಿನವರಿಗೆ ಗೊತ್ತಿಲ್ಲ. ಅವನು ವಕೀಲನಾಗಿದ್ದ ಕಣ್ರೀ. ರೈಲ್ವೆಯಲ್ಲಿ ದುಡಿಯುತ್ತಲೇ ಅಂಚೆ ಶಿಕ್ಷಣದಲ್ಲಿ ಕಾನೂನು ಓದಿ, ಅರ್ಕಾನ್ಸಾಸ್ ರಾಜ್ಯದ ಲಿಟಲ್ ರಾಕ್ ಊರಿನ ಸಣ್ಣ ಕೋರ್ಟುಗಳಲ್ಲಿ ಸುಮಾರು ಮೂರು ವರ್ಷ ವಾದ ಮಾಡಿದ. ಆ ವೃತ್ತಿ ಮುಗಿದದ್ದು ಕೋರ್ಟಿನೊಳಗೇ, ತನ್ನದೇ ಕಕ್ಷಿದಾರನ ಜೊತೆ ಹೊಡೆದಾಟಕ್ಕೆ ಬಿದ್ದು. ಸ್ಯಾಂಡರ್ಸ್ ಸಾಧುಪುರುಷನಲ್ಲ. ಸಿಟ್ಟು ಮೂಗಿನ ತುದಿಯಲ್ಲಿತ್ತು, ಬಾಯಿ ಕೆಟ್ಟದಿತ್ತು. ಆಮೇಲೆ ಇನ್ಶೂರೆನ್ಸ್ ಮಾರಿದ, ನದಿ ದಾಟಿಸುವ ದೋಣಿ ಕಂಪನಿ ನಡೆಸಿದ, ಟೈರು ಮಾರಿದ. ಪೆಟ್ರೋಲ್ ಬಂಕ್ ಇಟ್ಟರೆ 1930ರ ಹೊತ್ತಿನ ಮಹಾ ಆರ್ಥಿಕ ಕುಸಿತ ಅದನ್ನೂ ನುಂಗಿತು.

1930ರಲ್ಲಿ ಕೆಂಟಕಿ ರಾಜ್ಯದ ಕಾರ್ಬಿನ್ ಊರಿನ ಹತ್ತಿರ ಇನ್ನೊಂದು ಬಂಕ್ ಸಿಕ್ಕಿತು. ಷೆಲ್ ಕಂಪನಿಯದು. ಬಾಡಿಗೆ ಇಲ್ಲ, ಮಾರಾಟದಲ್ಲಿ ಪಾಲು ಕೊಡಬೇಕು. ಒಂದು ಲೆಕ್ಕದಲ್ಲಿ ಇವನೇ ಆಗ ಇನ್ನೊಬ್ಬರ ಬೋರ್ಡಿನ ಕೆಳಗೆ ಕೂತವನು. ಹೆದ್ದಾರಿ ಪಕ್ಕ ಗಾಡಿ ನಿಲ್ಲಿಸಿದ ಪ್ರಯಾಣಿಕರಿಗೆ, ತಾನು ವಾಸವಿದ್ದ ಕೋಣೆಯಲ್ಲೇ ತನ್ನ ಊಟದ ಮೇಜು ಹಾಕಿ ಊಟ ಬಡಿಸತೊಡಗಿದ. ಹುರಿದ ಕೋಳಿಗೆ ಹೆಸರು ಬಂತು. 1935ರಲ್ಲಿ ರಾಜ್ಯದ ಗವರ್ನರ್ ಅವನಿಗೆ ಕೆಂಟಕಿ ಕರ್ನಲ್ ಎಂಬ ಗೌರವ ಬಿರುದು ಕೊಟ್ಟ. ಸೇನೆಯ ಕರ್ನಲ್ ಅಲ್ಲ, ನಮ್ಮ ಗೌರವ ಡಾಕ್ಟರೇಟಿನ ಥರ. ಆಮೇಲೆ ಬಂದ ಬಿಳಿ ಸೂಟು ಅಮೆರಿಕದ ದಕ್ಷಿಣ ಭಾಗದ ಬಿಳಿಯ ಜಮೀನ್ದಾರನ ವೇಷ. ಗುಲಾಮಗಿರಿಯ ನೆನಪಿರುವ ನೆಲದಲ್ಲಿ ಆ ವೇಷ ಎಲ್ಲರಿಗೂ ಒಂದೇ ಥರ ಕಾಣುವುದಿಲ್ಲ ಎಂಬುದನ್ನೂ ಮರೆಯಬಾರದು.

ಬಾಣಲೆಯಲ್ಲಿ ಕೋಳಿ ಹುರಿಯಲು ಅರ್ಧ ಗಂಟೆ ಬೇಕಿತ್ತು. ಹೆದ್ದಾರಿಯ ಗಿರಾಕಿ ಅಷ್ಟು ಹೊತ್ತು ಕಾಯುವುದಿಲ್ಲ. ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಪ್ರೆಷರ್ ಕುಕ್ಕರನ್ನು ಎಣ್ಣೆಗೆ ಒಗ್ಗಿಸಿ ಅವನು ಸಮಯ ಇಳಿಸಿದ. 1940ರ ಹೊತ್ತಿಗೆ ಹನ್ನೊಂದು ಸಾಮಗ್ರಿಯ ಮಸಾಲೆ ಪಾಕವೂ ಸಿದ್ಧವಾಯಿತು. 1952ರಲ್ಲಿ ಮೊದಲ ಫ್ರಾಂಚೈಸಿ ಕೊಟ್ಟಿದ್ದು ಯೂಟಾ ರಾಜ್ಯದ ಸಾಲ್ಟ್ ಲೇಕ್‌ನ ಹೋಟೆಲಿಗ ಪೀಟ್ ಹಾರ್ಮನ್‌ಗೆ. ಕೆಂಟಕಿ ಫ್ರೈಡ್ ಚಿಕನ್ ಎಂಬ ಹೆಸರು ಹುಟ್ಟಿದ್ದು ಸ್ಯಾಂಡರ್ಸ್ ತಲೆಯಲ್ಲಲ್ಲ. ಹಾರ್ಮನ್ ಕರೆಸಿದ್ದ ಬೋರ್ಡು ಬರೆಯುವ ಪೇಂಟರ್ ಒಬ್ಬನ ತಲೆಯಲ್ಲಿ. ಕೋಳಿಯನ್ನು ಬಕೆಟ್ಟಿನಲ್ಲಿ ತುಂಬಿ ಕೊಡುವ ಪದ್ಧತಿ ಶುರುವಾದದ್ದೂ ಹಾರ್ಮನ್ ಅಂಗಡಿಯಲ್ಲೇ. ಅಂದರೆ ಇವತ್ತು ಇಡೀ ಲೋಕ ಗುರುತಿಸುವ ಹೆಸರು ಮತ್ತು ಬಕೆಟ್ಟು, ಎರಡೂ ಫ್ರಾಂಚೈಸಿ ತಗೊಂಡವನ ಕೊಡುಗೆ. ಬ್ರ್ಯಾಂಡು ಮೇಲಿನಿಂದ ಕೆಳಗೆ ಬರುತ್ತದೆ, ಅಂಗಡಿಯವನು ಬರೀ ಅನುಭವಿಸುತ್ತಾನೆ ಎಂದು ಕಂಪನಿಗಳು ಹೇಳುವಾಗ ಇದನ್ನು ನೆನೆಸಿಕೊಳ್ಳಿ.

ಆಮೇಲೆ ಹೊಸ ಹೆದ್ದಾರಿ ಬಂತು. ಇಂಟರ್‌ಸ್ಟೇಟ್ 75 ಕಾರ್ಬಿನ್‌ನ ಅವನ ಹೋಟೆಲನ್ನು ಬಿಟ್ಟು ಪಕ್ಕದಲ್ಲಿ ಹಾದುಹೋಗುತ್ತದೆ ಎಂದು ಗೊತ್ತಾದಾಗ ಹೋಟೆಲಿನ ಬೆಲೆ ಬಿದ್ದುಹೋಯಿತು. ಶಿರಾದಲ್ಲಿ ಹಳೇ ರಸ್ತೆಯ ಹೋಟೆಲಿನವರನ್ನು ಕೇಳಿ, ಬೈಪಾಸು ಅಂದರೆ ಏನು ಅಂತ ಅವರು ಹೇಳ್ತಾರೆ. 1956ರಲ್ಲಿ ಸ್ಯಾಂಡರ್ಸ್ ನಷ್ಟಕ್ಕೆ ಮಾರಿ ಕೈತೊಳೆದುಕೊಂಡ. ಉಳಿದದ್ದು ಒಂದಿಷ್ಟು ಉಳಿತಾಯ ಮತ್ತು ತಿಂಗಳಿಗೆ 105 ಡಾಲರ್ ವೃದ್ಧಾಪ್ಯ ಪಿಂಚಣಿ. ಕಾರಿನಲ್ಲಿ ಕುಕ್ಕರು, ಮಸಾಲೆ ಹಾಕಿಕೊಂಡು ಊರೂರು ಸುತ್ತಿ ಹೋಟೆಲುಗಳಲ್ಲಿ ಕೋಳಿ ಹುರಿದು ತೋರಿಸಿದ. ಒಪ್ಪಿದವರ ಜೊತೆ ಬಹುತೇಕ ಕೈಕುಲುಕಿನ ಕರಾರು: ಮಾರಿದ ಒಂದೊಂದು ಕೋಳಿಗೆ ನಾಲ್ಕು ಸೆಂಟ್. ಮಸಾಲೆ ಮಾತ್ರ ಅವನಿಂದಲೇ ಹೋಗಬೇಕು. ಹೆಂಡತಿ ಕ್ಲಾಡಿಯಾ ಮನೆಯಲ್ಲಿ ಪೊಟ್ಟಣ ಕಟ್ಟಿ ಅಂಚೆಗೆ ಹಾಕುತ್ತಿದ್ದಳು.

ನನ್ನ ತಮ್ಮ ಕೊಳ್ಳಲೇಬೇಕಾದ ಟೀ ಪುಡಿಯ ಮೂಲಪುರುಷ ಈ ಪೊಟ್ಟಣ. ಗುಟ್ಟಿನ ಮಸಾಲೆ ರುಚಿಗೂ ಹೌದು, ಹಿಡಿತಕ್ಕೂ ಹೌದು. ಆದರೆ ಒಂದು ವ್ಯತ್ಯಾಸ ಇತ್ತು. ಕೈಕುಲುಕಿನ ಕರಾರಿನಲ್ಲಿ ಮುಂದೆ ಜಗಳವಾದರೆ ನೀನು ಕೋರ್ಟಿಗೆ ಹೋಗಬಾರದು ಎಂಬ ಷರತ್ತು ಹಾಕಲು ಜಾಗ ಇರಲಿಲ್ಲ.

1964ರ ಹೊತ್ತಿಗೆ ಆರುನೂರಕ್ಕೂ ಹೆಚ್ಚು ಅಂಗಡಿಗಳಾಗಿದ್ದವು. ಎಪ್ಪತ್ತಮೂರು ದಾಟಿದ ಸ್ಯಾಂಡರ್ಸ್ ಆ ವರ್ಷ ಕಂಪನಿಯನ್ನು ಮಾರಿದ. ಕೊಂಡವರು ಜಾನ್ ವೈ. ಬ್ರೌನ್ ಜೂನಿಯರ್ ಎಂಬ ಮೂವತ್ತರ ವಕೀಲ ಮತ್ತು ಜ್ಯಾಕ್ ಮ್ಯಾಸಿ ಎಂಬ ಹಣವಂತ. ಬೆಲೆ 20 ಲಕ್ಷ ಡಾಲರ್. ಜೊತೆಗೆ ಪ್ರಚಾರ ರಾಯಭಾರಿಯಾಗಿ ಬದುಕಿರುವವರೆಗೆ ಸಂಬಳ. ಕೆನಡಾದ ವ್ಯವಹಾರವನ್ನು ಮಾತ್ರ ತನ್ನಲ್ಲೇ ಉಳಿಸಿಕೊಂಡ. ಮಾರಿದ್ದರಲ್ಲಿ ಅವನ ಹೆಸರೂ ಇತ್ತು, ಮುಖವೂ ಇತ್ತು. ಏಳೇ ವರ್ಷದಲ್ಲಿ, 1971ರಲ್ಲಿ, ಮದ್ಯ ಮತ್ತು ಆಹಾರ ವ್ಯಾಪಾರದ ಹ್ಯೂಬ್ಲೈನ್ ಕಂಪನಿ ಅದೇ ಕೆಎಫ್‌ಸಿಯನ್ನು ಕೊಂಡಾಗ ಬೆಲೆ 28.5 ಕೋಟಿ ಡಾಲರ್.

ಹಣಕ್ಕಿಂತ ಅವನನ್ನು ಹೆಚ್ಚು ಸುಟ್ಟಿದ್ದು ರುಚಿ. ಹೊಸ ಮಾಲೀಕರು ಖರ್ಚು ಉಳಿಸಲು ಗ್ರೇವಿ ಬದಲಾಯಿಸಿದರು. ಅವನು ಅಂಗಡಿಗಳಿಗೆ ನುಗ್ಗಿ ರುಚಿ ನೋಡಿ ಬೈದು ಬರುತ್ತಿದ್ದ. ತಾನು ತಯಾರಿಸದ ತಿನಿಸುಗಳ ಮೇಲೆ ತನ್ನ ಮುಖ ಅಚ್ಚಾಗುತ್ತಿದೆ ಎಂದು 1970ರ ದಶಕದಲ್ಲಿ ಹ್ಯೂಬ್ಲೈನ್ ಮೇಲೆ ದಾವೆ ಹೂಡಿದ. ಅಷ್ಟೊತ್ತಿಗೆ ಅವನು, ಕ್ಲಾಡಿಯಾ ಸೇರಿ ಕೆಂಟಕಿಯ ಷೆಲ್ಬಿವಿಲ್‌ನಲ್ಲಿ ಇನ್ನೊಂದು ಹೋಟೆಲು ತೆರೆದಿದ್ದರು. ಅದಕ್ಕೂ ಫ್ರಾಂಚೈಸಿ ಕೊಡುವ ಯೋಜನೆ ಇತ್ತು. ಕಂಪನಿ ಅಡ್ಡ ಬಂತು. ನಿನ್ನ ಹೆಸರು, ಮುಖ ನಮ್ಮವು ಅಂತ. ಸ್ಯಾಂಡರ್ಸ್ 12.2 ಕೋಟಿ ಡಾಲರ್ ಪರಿಹಾರ ಕೇಳಿ ಕೋರ್ಟಿಗೆ ಹೋದ.

ಆ ದಾವೆ ತೀರ್ಪಿನವರೆಗೆ ಹೋಗಲಿಲ್ಲ. ಕೋರ್ಟಿನ ಹೊರಗೆ ರಾಜಿಯಾಯಿತು. ಸುಮಾರು ಹತ್ತು ಲಕ್ಷ ಡಾಲರ್ ಅವನ ಕೈಸೇರಿತು, ಷೆಲ್ಬಿವಿಲ್ ಹೋಟೆಲು ಉಳಿಯಿತು. ಪ್ರತಿಯಾಗಿ ಅವನು ದಾವೆಯನ್ನು ಕೈಬಿಟ್ಟ.

ನನಗೆ ಅವನ ಬದುಕಿನಲ್ಲಿ ಮುಖ್ಯ ಅನಿಸುವುದು ಈ ರಾಜಿ. ಸ್ಯಾಂಡರ್ಸ್ ಕೂಡ ತನ್ನ ಹಕ್ಕನ್ನು ಬಿಟ್ಟುಕೊಟ್ಟ, ನನ್ನ ತಮ್ಮನಿಗೂ ಅದನ್ನೇ ಮಾಡು ಅನ್ನುತ್ತಿದ್ದಾರೆ. ಎರಡೂ ಒಂದೇನಾ? ಅಲ್ಲ. ಸ್ಯಾಂಡರ್ಸ್ ಬಿಟ್ಟಾಗ ಏನು ಬಿಡುತ್ತಿದ್ದೇನೆ ಎಂದು ಅವನಿಗೆ ಗೊತ್ತಿತ್ತು. ದಾವೆ ಹೂಡಿಯಾಗಿತ್ತು, ಅದಕ್ಕೊಂದು ಬೆಲೆ ಕಟ್ಟಿಯಾಗಿತ್ತು, ಬಿಟ್ಟಿದ್ದಕ್ಕೆ ಪ್ರತಿಫಲ ಸಿಕ್ಕಿತು. ತಮ್ಮನ ಹಾಳೆಯಲ್ಲಿ ಗೊತ್ತಿಲ್ಲದ ತಕರಾರುಗಳೂ ಸೇರಿವೆ. ಪ್ರತಿಫಲ ಏನು ಅಂದರೆ ಅಂಗಡಿ ಮುಚ್ಚಿಸುವುದಿಲ್ಲ ಎಂಬ ಭರವಸೆ, ಅಷ್ಟೇ.

ಸ್ಯಾಂಡರ್ಸ್ ಕಥೆಯಲ್ಲಿ ಇನ್ನೊಂದು ಮೊಕದ್ದಮೆ ಇದೆ, ಅದರಲ್ಲಿ ಸೋತವನು ಸಣ್ಣ ಅಂಗಡಿಯವನು. 1975ರಲ್ಲಿ ಲೂಯಿವಿಲ್‌ನ ಪತ್ರಿಕೆಯೊಂದರ ಜೊತೆ ಮಾತಾಡುತ್ತಾ ಸ್ಯಾಂಡರ್ಸ್ ಕೆಎಫ್‌ಸಿ ಗ್ರೇವಿಯನ್ನು ಗೋಡೆಗೆ ಬಳಿಯುವ ಅಂಟಿಗೆ ಹೋಲಿಸಿದ. ಕೆಂಟಕಿಯ ಬೌಲಿಂಗ್ ಗ್ರೀನ್ ಊರಿನ ಫ್ರಾಂಚೈಸಿ ಮಾನನಷ್ಟದ ದಾವೆ ಹಾಕಿತು. 1978ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಮಾತು ಆಡಿದ್ದು ಇಡೀ ಕಂಪನಿಯ ಬಗ್ಗೆ, ಈ ಒಂದು ಅಂಗಡಿಯ ಬಗ್ಗೆ ಅಲ್ಲ ಎಂದು ದಾವೆಯನ್ನು ತಳ್ಳಿಹಾಕಿತು. ಕಾನೂನಿನ ಪ್ರಕಾರ ಸರಿಯೇ. ಆದರೆ ಗ್ರೇವಿಯ ಪಾಕ ನಿರ್ಧರಿಸಿದ್ದು ಆ ಅಂಗಡಿಯವನಲ್ಲ, ಬೈದದ್ದು ಅವನನ್ನಲ್ಲ, ಗಿರಾಕಿ ಮುಖ ತಿರುಗಿಸಿದರೆ ಗಲ್ಲಾ ಖಾಲಿಯಾಗುವುದು ಮಾತ್ರ ಅವನದು. ಫ್ರಾಂಚೈಸಿ ಪದ್ಧತಿಯ ತೂಕ ಯಾವ ಕಡೆ ವಾಲುತ್ತದೆ ಅಂತ ತಿಳಿಯಲು ಇದೊಂದೇ ಕೇಸು ಸಾಕು.

1980ರ ಡಿಸೆಂಬರ್ 16ರಂದು, ತೊಂಬತ್ತನೇ ವಯಸ್ಸಿನಲ್ಲಿ, ಸ್ಯಾಂಡರ್ಸ್ ಲೂಯಿವಿಲ್‌ನಲ್ಲಿ ತೀರಿಕೊಂಡ. ಮುಖ ಮಾತ್ರ ಕೆಲಸ ಮುಂದುವರಿಸಿತು. ಪೆಪ್ಸಿಕೋ ಕೈಗೆ ಹೋದ ಮೇಲೆ, 1995ರ ಜೂನ್‌ನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಭಾರತದ ಮೊದಲ ಕೆಎಫ್‌ಸಿ ತೆರೆಯಿತು. 1996ರ ಜನವರಿ 30ರಂದು ರೈತ ಸಂಘದ ಕಾರ್ಯಕರ್ತರು ಅದಕ್ಕೆ ನುಗ್ಗಿದರು. ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಸ್ವತಃ ಕಾನೂನು ಮೇಷ್ಟ್ರು. ಬಹುರಾಷ್ಟ್ರೀಯ ಕಂಪನಿ ಬಂದರೆ ನಮ್ಮ ರೈತನ ಮೇಲೆ, ನಮ್ಮ ಊಟದ ಮೇಲೆ ಹಿಡಿತ ಯಾರದ್ದಾಗುತ್ತದೆ ಎಂಬುದು ಅವರ ಪ್ರಶ್ನೆ. ಗಾಜು ಒಡೆದದ್ದನ್ನು ಒಪ್ಪಬೇಕಿಲ್ಲ, ಪ್ರಶ್ನೆ ಮಾತ್ರ ಹಾಗೇ ಇದೆ. ಅಂದು ಹಿಡಿತದ ಮುಖ ವಿದೇಶಿಯದಾಗಿತ್ತು. ಇಂದು ತಾಲ್ಲೂಕು ಪೇಟೆಯ ಟೀ ಅಂಗಡಿಯ ಬೋರ್ಡು ನಮ್ಮ ದೇಶದ್ದೇ. ಒಪ್ಪಂದದ ಭಾಷೆ ಮಾತ್ರ ಅಮೆರಿಕದಿಂದ ಕಾಪಿ-ಪೇಸ್ಟ್.

ಕಾಪಿ ಮಾಡುವಾಗ ಅಲ್ಲಿನ ರಕ್ಷಣೆಗಳನ್ನು ಬಿಟ್ಟುಬಂದಿದ್ದಾರೆ ಎಂಬುದು ನನ್ನ ಸಿಟ್ಟು. ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲೇ ಫ್ರಾಂಚೈಸಿ ಕಾನೂನು ಬಂತು. ಆ ಕಾನೂನು ಕೊಟ್ಟ ಹಕ್ಕನ್ನು ಮೊದಲೇ ಬಿಟ್ಟುಕೊಡಿಸುವ ಷರತ್ತು ಅಲ್ಲಿ ಅಸಿಂಧು. ಅಮೆರಿಕದ ಫೆಡರಲ್ ನಿಯಮದ ಪ್ರಕಾರ, ಕಂಪನಿಯ ಮೇಲಿರುವ ಮೊಕದ್ದಮೆಗಳು, ಶುಲ್ಕಗಳು, ಮುಚ್ಚಿದ ಅಂಗಡಿಗಳ ವಿವರ ಇರುವ ದಾಖಲೆಯನ್ನು ಸಹಿಗೆ ಕನಿಷ್ಠ 14 ದಿನ ಮೊದಲೇ ಕೊಡಬೇಕು. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನು ಇಲ್ಲ. ನಮಗಿರುವುದು 1872ರ ಕರಾರು ಕಾಯ್ದೆ.

ಆದರೆ ಆ ಹಳೇ ಕಾಯ್ದೆಯಲ್ಲೂ ಒಂದಿಷ್ಟು ಬಲ ಇದೆ. ಕಲಂ 28ರ ಪ್ರಕಾರ, ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ಸಂಪೂರ್ಣವಾಗಿ ತಡೆಯುವ ಕರಾರು ಶೂನ್ಯ. ಮಧ್ಯಸ್ಥಿಕೆಗೆ ಹೋಗುವ ಕರಾರು ಇದಕ್ಕೆ ಅಪವಾದ. ಆದರೆ ಮಧ್ಯಸ್ಥಗಾರನನ್ನು ಕಂಪನಿಯೇ ಏಕಪಕ್ಷೀಯವಾಗಿ ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಕಲಂ 27ರ ಪ್ರಕಾರ ವೃತ್ತಿ ಮಾಡದಂತೆ ತಡೆಯುವ ಕರಾರೂ ಶೂನ್ಯ. ಒಪ್ಪಂದ ಜಾರಿಯಲ್ಲಿರುವಾಗ ಪ್ರತಿಸ್ಪರ್ಧಿಯ ಮಾಲು ಮಾರಬಾರದು ಎಂಬುದನ್ನು 1995ರ ಗುಜರಾತ್ ಬಾಟ್ಲಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿದೆ ನಿಜ. ಒಪ್ಪಂದ ಮುಗಿದ ಮೇಲೂ ಟೀ ಮಾರಬೇಡ ಅನ್ನುವುದಕ್ಕೆ ನಮ್ಮ ಕೋರ್ಟುಗಳು ಸಾಮಾನ್ಯವಾಗಿ ಸೊಪ್ಪು ಹಾಕುವುದಿಲ್ಲ.

ಹಿಂದಿನ ತಕರಾರುಗಳನ್ನು ಬಿಟ್ಟಿದ್ದೇನೆ ಎಂಬ ಹಾಳೆ ಮಾತ್ರ ಅಷ್ಟು ಸುಲಭವಲ್ಲ. ಸ್ವಇಚ್ಛೆಯಿಂದ ಮಾಡಿದ ರಾಜಿಯನ್ನು ಕಾನೂನು ಗೌರವಿಸುತ್ತದೆ, ಗೌರವಿಸಲೂಬೇಕು. ಇಲ್ಲದಿದ್ದರೆ ಯಾವ ಜಗಳವೂ ಮುಗಿಯುವುದಿಲ್ಲ. ಒತ್ತಡ ಅಥವಾ ಮೋಸದಿಂದ ಅಂಥ ಸಹಿ ಪಡೆದಿದ್ದರೆ ಆ ಪ್ರಶ್ನೆಯನ್ನು ವಿಚಾರಣೆ ಮಾಡಬಹುದು ಎಂದು 2008ರಲ್ಲಿ ಬೋಘರಾ ಪಾಲಿಫ್ಯಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಒತ್ತಡವಿತ್ತು ಎಂದು ಸಾಬೀತು ಮಾಡುವ ಹೊರೆ ಸಹಿ ಹಾಕಿದವನದೇ. ಕೈಯಲ್ಲಿ ದುಡ್ಡಿರಲಿಲ್ಲ, ಬೇರೆ ದಾರಿ ಇರಲಿಲ್ಲ ಅಂದರೆ ಅಷ್ಟಕ್ಕೇ ಅದು ಒತ್ತಡ ಆಗಿಬಿಡುವುದಿಲ್ಲ. ಆ ಹೊತ್ತಿನಲ್ಲಿ ನೀವು ಬರೆದಿಟ್ಟ ಆಕ್ಷೇಪವೇ ನಿಮ್ಮ ಸಾಕ್ಷಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ನಮ್ಮ ಮಧುಗಿರಿ ಉಪವಿಭಾಗದಲ್ಲಿ ಮಳೆ ನಂಬಿ ಕಡಲೆಕಾಯಿ ಬಿತ್ತುವ ಮನೆಗಳ ಹುಡುಗರು ಬೆಂಗಳೂರಿಗೆ ಹೋಗದೆ ಊರಲ್ಲೇ ಏನಾದರೂ ಮಾಡೋಣ ಅಂತ ಹೊರಟಾಗ ಈ ಬೋರ್ಡುಗಳು ಎದುರಿಗೆ ಬರುತ್ತವೆ. ಅಪ್ಪನ ಜಮೀನಿನ ಮೇಲಿನ ಸಾಲ, ಅವ್ವನ ಒಡವೆ, ಎಲ್ಲ ಅದರೊಳಗೆ ಹೋಗುತ್ತದೆ. ಜಗಳವಾದರೆ ಕೇಸು ದೂರದ ಮಹಾನಗರದ ಕೋರ್ಟಿನಲ್ಲೇ ನಡೆಯಬೇಕು ಎಂಬ ಷರತ್ತು ಮೂವತ್ತೆಂಟನೇ ಪುಟದಲ್ಲಿರುತ್ತದೆ. ಹಕ್ಕು ಬಿಟ್ಟುಕೊಡಿ ಅಂತ ಬಾಯಿಬಿಟ್ಟು ಕೇಳುವ ಅಗತ್ಯವೂ ಇಲ್ಲ. ಒಂದು ದಿನದ ಟೀ ವ್ಯಾಪಾರ ಬಿಟ್ಟು ರೈಲು ಹತ್ತಲಾಗದವನು ತಾನಾಗೇ ಬಿಡುತ್ತಾನೆ.

ಹಾಗಾಗಿ ನಮ್ಮ ಬೇಡಿಕೆಗಳು ದೊಡ್ಡವೇನಲ್ಲ. ಸಹಿಗೆ ಮೊದಲು ವಿವರಗಳ ದಾಖಲೆ, ಅದನ್ನು ಓದಲು ಎರಡು ವಾರ. ಕರ್ನಾಟಕದಲ್ಲಿ ಅಂಗಡಿ ಕೊಡುವವರು ಕನ್ನಡದಲ್ಲೂ ಒಪ್ಪಂದ ಕೊಡಬೇಕು. ನವೀಕರಣಕ್ಕೆ ಹಕ್ಕುತ್ಯಾಗದ ಹಾಳೆಯನ್ನು ಷರತ್ತು ಮಾಡಬಾರದು. ಜಗಳವಾದರೆ ಅಂಗಡಿ ಇರುವ ಜಿಲ್ಲೆಯಲ್ಲೇ ವಿಚಾರಣೆ ಆಗಬೇಕು. ಸ್ವಉದ್ಯೋಗ, ಸ್ಟಾರ್ಟಪ್ ಅಂತ ಭಾಷಣ ಮಾಡುವ ಪಕ್ಷಗಳನ್ನು ಈ ನಾಲ್ಕರ ಬಗ್ಗೆ ಕೇಳಿ ನೋಡಿ.

ತಮ್ಮ ಈಗ ಏನು ಮಾಡಿದ್ದಾನೆ ಅಂದರೆ, ಮಧುಗಿರಿ ಕೋರ್ಟಿನ ಒಬ್ಬ ವಕೀಲರನ್ನು ಕಂಡು, ಎರಡನೇ ಶಾಖೆ, ಮಾಲಿನ ರೇಟು, ನಾಲ್ಕು ಲಕ್ಷದ ಲೆಕ್ಕ ಎಲ್ಲವನ್ನೂ ಬರೆದು ಕಂಪನಿಗೆ ಇಮೇಲ್ ಹಾಕಿದ್ದಾನೆ. ಈ ಹಾಳೆಯನ್ನು ತಿದ್ದದೆ ಸಹಿ ಹಾಕಲು ಒಪ್ಪಿಗೆ ಇಲ್ಲ ಅಂತಲೂ ಬರೆದಿದ್ದಾನೆ. ನಮೂನೆ ಬದಲಾಯಿಸಲು ಬರುವುದಿಲ್ಲ ಎಂಬ ಒಂದು ಸಾಲಿನ ಉತ್ತರ ಬಂದಿದೆ. ತಿಂಗಳ ಕೊನೆಯವರೆಗೆ ಗಡುವು. ಅವನು ಸಹಿ ಹಾಕಲೂಬಹುದು, ಇಬ್ಬರು ಕೆಲಸದ ಹುಡುಗರಿದ್ದಾರೆ, ಬ್ಯಾಂಕಿನ ಕಂತಿದೆ. ಹಾಕಿದರೆ ಅವನನ್ನು ಬೈಯುವ ಹಕ್ಕು ನನಗಿಲ್ಲ. ಈ ಸಲ ನಾನು ಮಾಡಿದ್ದು ಇಷ್ಟು: ನಲವತ್ತಾರು ಪುಟವನ್ನೂ ಕೂತು ಓದಿ, ಯಾವ ಪುಟದಲ್ಲಿ ಅವನು ಏನನ್ನು ಬಿಟ್ಟುಕೊಟ್ಟಿದ್ದಾನೆ ಅಂತ ಎರಡು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಅದನ್ನು ಮೂರು ವರ್ಷದ ಹಿಂದೆಯೇ ಮಾಡಬೇಕಿತ್ತು. ಅವನು ಅದರ ಜೆರಾಕ್ಸ್ ಮಾಡಿಸಿ ಬಸ್ ಸ್ಟ್ಯಾಂಡ್ ಕಡೆಯ ಎರಡನೇ ಅಂಗಡಿಯವನಿಗೂ ಕೊಟ್ಟಿದ್ದಾನಂತೆ. ಅವನ ನವೀಕರಣ ಮುಂದಿನ ವರ್ಷ.